ನಾಲ್ಕು ಭಾಷೆ, ಎರಡು ಇತಿಹಾಸ, ಒಬ್ಬ ಮಾಸ್ತರ: ಗಡಿಯ ಕನ್ನಡ ಶಾಲೆಯ ಮಕ್ಕಳು ಕಲಿಯುತ್ತಿರುವುದೇನು?

ಬಾಲಗಾಂವ (ತಾ. ಜತ್ತ): "ಈ ವಾರ ಸಾಲ್ಯಾಗ ಏನ ಕಲಿಸ್ಯಾರ?" ಎಂದು ಆರರಿಂದ ಎಂಟನೆಯ ಇಯತ್ತೆಯೊಳಗಿನ ಮಗುವನ್ನು ಕೇಳಿದರೆ ಗಡಿಭಾಗದಲ್ಲಿ ಉತ್ತರ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ಕನ್ನಡ ಮಾಧ್ಯಮದ ಮಗುವಿನ ದಪ್ತರದಲ್ಲಿ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಹೀಗೆ ನಾಲ್ಕು ಭಾಷೆಯ ಪುಸ್ತಕಗಳಿವೆ. ಗಣಿತ, ವಿಜ್ಞಾನ, ಇತಿಹಾಸ-ನಾಗರಿಕ ಶಾಸ್ತ್ರ, ಭೂಗೋಲದ ಪುಸ್ತಕಗಳು ಕನ್ನಡದಲ್ಲಿವೆ. ಅವು ಬರುವುದು ಬೆಂಗಳೂರಿನಿಂದಲ್ಲ, ಪುಣೆಯ ಬಾಲಭಾರತಿಯಿಂದ. ಅಕ್ಷರ ಕನ್ನಡದ್ದು, ಪಠ್ಯಕ್ರಮ ಮಹಾರಾಷ್ಟ್ರದ್ದು. ಬಾಲಗಾಂವ, ಉಮದಿ, ಸಂಖ ಕಡೆಯ ಮನೆಗಳಲ್ಲಿ ಇದು ದಿನನಿತ್ಯದ ಸಂಗತಿ. ಮುಂಬಯಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಈ ದಪ್ತರವನ್ನು ಬಿಚ್ಚಿ ನೋಡಿದವರು ಕಡಿಮೆ.

ಕಳೆದ ಕೆಲವು ವರ್ಷಗಳಿಂದ ಎರಡೂ ರಾಜ್ಯಗಳಲ್ಲಿ ಶಾಲೆಯ ಭಾಷೆಯ ಬಗ್ಗೆ ದೊಡ್ಡ ದೊಡ್ಡ ವಾದಗಳು ನಡೆದಿವೆ. 2025ರ ಏಪ್ರಿಲ್ 16ರಂದು ಮಹಾರಾಷ್ಟ್ರ ಸರಕಾರ ಒಂದನೆಯ ಇಯತ್ತೆಯಿಂದಲೇ ಹಿಂದಿಯನ್ನು ಮೂರನೆಯ ಭಾಷೆಯಾಗಿ ಕಲಿಸುವ ನಿರ್ಣಯ ಹೊರಡಿಸಿತು. ವಿರೋಧ ಬಂದಾಗ ಜೂನ್ 17ರಂದು ಅದನ್ನು ತಿದ್ದಿತು. ವಿರೋಧ ಇನ್ನೂ ಏರಿದಾಗ ಜೂನ್ 29ರಂದು ಎರಡೂ ನಿರ್ಣಯಗಳನ್ನು ಹಿಂಪಡೆದು, ಡಾ. ನರೇಂದ್ರ ಜಾಧವ ಅವರ ಸಮಿತಿಗೆ ವಿಷಯ ಒಪ್ಪಿಸುವುದಾಗಿ ಹೇಳಿತು. ಆರು ವರ್ಷದ ಮಗುವಿನ ಮೇಲೆ ಮೂರು ಭಾಷೆ ಹೊರಿಸುವುದು ಸರಿಯೇ ಎಂಬುದು ಆಗ ಕೇಳಿಬಂದ ಮುಖ್ಯ ಪ್ರಶ್ನೆ.

ಆ ನಿರ್ಣಯದಲ್ಲಿ ಮರಾಠಿ ಮತ್ತು ಇಂಗ್ಲಿಷ್ ಬಿಟ್ಟು ಬೇರೆ ಮಾಧ್ಯಮದ ಶಾಲೆಗಳ ಬಗ್ಗೆಯೂ ಒಂದು ಮಾತಿತ್ತು. ಅಂಥ ಶಾಲೆಗಳಲ್ಲಿ ಮಾಧ್ಯಮದ ಭಾಷೆ, ಮರಾಠಿ, ಇಂಗ್ಲಿಷ್ ಸೇರಿ ಮೂರು ಭಾಷೆಗಳಿವೆ ಎಂದು ಅಲ್ಲಿ ಹೇಳಲಾಗಿತ್ತು. ಅಂದರೆ ಮುಂಬಯಿಯಲ್ಲಿ ಯಾವುದನ್ನು "ಹೊರೆ" ಎಂದು ಕರೆದರೋ ಆ ಹೊರೆಯನ್ನು ಕನ್ನಡ ಶಾಲೆಯ ಮಗು ಒಂದನೆಯ ಇಯತ್ತೆಯಿಂದಲೇ ಹೊತ್ತುಕೊಂಡು ಬಂದಿದೆ. ಇಂಗ್ಲಿಷ್ 2000ದಿಂದಲೇ ಒಂದನೆಯ ಇಯತ್ತೆಗೆ ಬಂದಿದೆ. ಮರಾಠಿಯನ್ನು ಎಲ್ಲ ಶಾಲೆಗಳಲ್ಲಿ, ಎಲ್ಲ ಬೋರ್ಡುಗಳಲ್ಲಿ ಕಡ್ಡಾಯ ಮಾಡುವ ಕಾಯಿದೆ 2020ರಲ್ಲಿ ಆಯಿತು. ಅದನ್ನು ಮೊದಲು ಒಂದು ಮತ್ತು ಆರನೆಯ ಇಯತ್ತೆಗಳಿಂದ ಸುರು ಮಾಡಿ ವರ್ಷಕ್ಕೊಂದು ಇಯತ್ತೆಯಂತೆ ಮೇಲೇರಿಸಲಾಯಿತು. ಐದನೆಯದಕ್ಕೆ ಹಿಂದಿ ಸೇರಿ, ಮಾಧ್ಯಮಿಕ ಹಂತಕ್ಕೆ ಬರುವಷ್ಟರಲ್ಲಿ ನಾಲ್ಕು ಭಾಷೆ ಪೂರ್ತಿಯಾಗುತ್ತವೆ. ಜತ್ತದ ಮಕ್ಕಳ ಸಲುವಾಗಿ ಯಾರೂ ಮೋರ್ಚಾ ತೆಗೆಯಲಿಲ್ಲ. ಇಲ್ಲಿನವರಿಗೂ ಅದು ಅಂಥ ವಿಶೇಷವೆನಿಸಲಿಲ್ಲ.

ಆಚೆ ಕಡೆ ನೋಡಿದರೆ, 2025ರ ಆಗಸ್ಟ್‌ನಲ್ಲಿ ಪ್ರೊ. ಸುಖದೇವ ಥೋರಾತ್ ಆಯೋಗ ಕರ್ನಾಟಕ ಸರಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ದ್ವಿಭಾಷಾ ನೀತಿಯೇ ಸಾಕು ಎಂದು ಶಿಫಾರಸು ಮಾಡಿತು. ಬಾಲಗಾಂವದ ಹುಡುಗನ ಸೋದರಮಾವನ ಮಗ ಚಡಚಣ ಅಥವಾ ಇಂಡಿ ಕಡೆ ಶಾಲೆಗೆ ಹೋಗುತ್ತಿದ್ದರೆ ಇಬ್ಬರ ವಯಸ್ಸು ಒಂದೇ, ಮನೆಮಾತು ಒಂದೇ, ಕಲಿಯುವ ಲೆಕ್ಕ ಮಾತ್ರ ಬೇರೆ. ಅಷ್ಟೇ ಅಲ್ಲ, ಕರ್ನಾಟಕದ ಶಾಲೆ ಮೇ ಕೊನೆಗೆ ತೆರೆದರೆ ಇಲ್ಲಿಯದು ಜೂನ್ ನಡುವಿಗೆ. ಅಲ್ಲಿ ದಸರೆಗೆ ದೊಡ್ಡ ರಜೆ, ಇಲ್ಲಿ ದೀಪಾವಳಿಗೆ. ಒಬ್ಬನ ರಜೆ ಮುಗಿಯುವ ಹೊತ್ತಿಗೆ ಇನ್ನೊಬ್ಬನದು ಸುರು. ಗಡಿ ಎಲ್ಲಿದೆ ಎಂದು ಮಕ್ಕಳಿಗೆ ನಕಾಶೆ ತೋರಿಸಿ ಹೇಳಬೇಕಾಗಿಲ್ಲ, ಬೀಗರ ಮನೆಗೆ ಹೋದಾಗ ಆಡಲು ಜೊತೆಯವರು ಇಲ್ಲದಿದ್ದರೆ ಗೊತ್ತಾಗುತ್ತದೆ.

ಒಂದೇ ಶಬ್ದ, ಬೇರೆ ಅರ್ಥ

ನಾಲ್ಕು ಭಾಷೆ ಕಲಿಯುವುದರಲ್ಲಿ ನಷ್ಟವೇನೂ ಇಲ್ಲ. ಗಡಿಭಾಗದವರು ತಲೆಮಾರುಗಳಿಂದ ಎರಡು ಭಾಷೆಯಲ್ಲಿ ಬಾಳ್ವೆ ಮಾಡಿದವರು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ ನಿಂಬಾಳದಲ್ಲಿ 1957ರಲ್ಲಿ ದೇಹವಿಟ್ಟ ಗುರುದೇವ ರಾನಡೆಯವರು ಇದೇ ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯರು. ಅವರು ಮಹಾರಾಷ್ಟ್ರದ ಸಂತರ ಬಗ್ಗೆ ಒಂದು ಗ್ರಂಥ ಬರೆದರು, ಕನ್ನಡದ ಶರಣರು-ದಾಸರ ಬಗ್ಗೆ ಇನ್ನೊಂದು. ಎರಡೂ ಸಾಹಿತ್ಯ ಒಂದೇ ತಲೆಯೊಳಗೆ ಜಗಳವಿಲ್ಲದೆ ಇರಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ.

ಆದರೆ ಹನ್ನೆರಡು ವರ್ಷದ ಮಗುವಿಗೆ ಭಾಷೆಗಳ ಬೇಲಿ ಯಾರಾದರೂ ತೋರಿಸಿಕೊಡಬೇಕು. ಕನ್ನಡ ತಾಸಿನಲ್ಲಿ "ಅನುಮಾನ" ಎಂದರೆ ಸಂಶಯ. ಮರಾಠಿ ತಾಸಿನಲ್ಲಿ ಅದೇ ಶಬ್ದಕ್ಕೆ ತರ್ಕದಿಂದ ತೆಗೆದ ನಿರ್ಣಯ ಎಂಬ ಅರ್ಥ. "ಅವಸರ" ಕನ್ನಡದಲ್ಲಿ ಗಡಿಬಿಡಿ, ಹಿಂದಿಯಲ್ಲಿ ಸಂಧಿ, ಅವಕಾಶ. ಆ "ಅವಕಾಶ" ಮರಾಠಿಯ ವಿಜ್ಞಾನ ಪುಸ್ತಕಕ್ಕೆ ಹೋದರೆ ಗ್ರಹ-ನಕ್ಷತ್ರಗಳ ಬಾಹ್ಯಾಕಾಶ. "ಉಪನ್ಯಾಸ" ಕನ್ನಡದಲ್ಲಿ ಭಾಷಣ, ಹಿಂದಿಯಲ್ಲಿ ಕಾದಂಬರಿ. "ಕಾದಂಬರಿ" ಮಾತ್ರ ಕನ್ನಡ ಮರಾಠಿ ಎರಡರಲ್ಲೂ ಒಂದೇ. ಎಲ್ಲ ಭಾಷೆ ಬಲ್ಲ ಮಾಸ್ತರರು ಸಿಕ್ಕರೆ ಇದೇ ಒಂದು ಚಂದದ ಪಾಠವಾಗುತ್ತದೆ. ಸಿಗದಿದ್ದರೆ ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆಯಾಗುತ್ತದೆ.

ಗಣಿತ, ವಿಜ್ಞಾನದಲ್ಲಿ ಇದು ಇನ್ನೂ ತೀಕ್ಷ್ಣ. ಕನ್ನಡದಲ್ಲಿ ಲ.ಸಾ.ಅ., ಮ.ಸಾ.ಅ. ಎಂದು ಕಲಿಯುವುದನ್ನು ಮರಾಠಿ ಶಾಲೆಯ ಮಗು ಲಸಾವಿ, ಮಸಾವಿ ಎಂದು ಕಲಿಯುತ್ತದೆ. ನಮ್ಮ ಅವಿಭಾಜ್ಯ ಸಂಖ್ಯೆ ಅವರಿಗೆ "ಮೂಳ ಸಂಖ್ಯಾ". ಭಾಗಲಬ್ಧ ಸಂಖ್ಯೆ ಅವರಿಗೆ "ಪರಿಮೇಯ". ಕನ್ನಡದ ದ್ಯುತಿಸಂಶ್ಲೇಷಣೆ ಮರಾಠಿಯಲ್ಲಿ ಪ್ರಕಾಶಸಂಶ್ಲೇಷಣ. ಕನ್ನಡ ಪುಸ್ತಕದ ಆಮ್ಲಜನಕ, ಸಾರಜನಕಗಳು ಮರಾಠಿಯಲ್ಲಿ ಆಕ್ಸಿಜನ್, ನಾಯಟ್ರೋಜನ್ ಎಂದೇ ನಡೆಯುತ್ತವೆ. ಒಂದೇ ಮನೆಯಲ್ಲಿ ಅಣ್ಣ ಮರಾಠಿ ಶಾಲೆಗೆ, ತಂಗಿ ಕನ್ನಡ ಶಾಲೆಗೆ ಹೋಗುವುದು ಗಡಿಭಾಗದಲ್ಲಿ ಹೊಸದೇನಲ್ಲ. ಅಣ್ಣ ತಂಗಿಗೆ ಲೆಕ್ಕ ಹೇಳಿಕೊಡಲು ಕೂತರೆ ಲೆಕ್ಕ ಒಂದೇ ಇದ್ದರೂ ಅದರ ಹೆಸರು ಹೊಂದುವುದಿಲ್ಲ.

ಎರಡು ಪುಸ್ತಕ, ಒಂದು ಗಡಿ

ಇತಿಹಾಸದ ತಾಸು ಇವೆಲ್ಲಕ್ಕಿಂತ ಗಮನಿಸಬೇಕಾದದ್ದು. 2016ರಿಂದ 2018ರ ನಡುವೆ ಬಾಲಭಾರತಿ ಆರು, ಏಳು, ಎಂಟನೆಯ ಇಯತ್ತೆಗಳಿಗೆ ತಂದ ಪುಸ್ತಕಗಳಲ್ಲಿ ಆರನೆಯದಕ್ಕೆ ಪ್ರಾಚೀನ ಭಾರತ, ಏಳನೆಯದಕ್ಕೆ ಮಧ್ಯಯುಗ, ಎಂಟನೆಯದಕ್ಕೆ ಆಧುನಿಕ ಭಾರತ ಎಂಬ ಏರ್ಪಾಡು. ಆರನೆಯದರಲ್ಲಿ ಬಾದಾಮಿಯ ಚಾಲುಕ್ಯರೂ ರಾಷ್ಟ್ರಕೂಟರೂ ಬರುತ್ತಾರೆ. ಇಮ್ಮಡಿ ಪುಲಕೇಶಿ ಇಬ್ಬರಿಗೂ ಬೇಕಾದವನು, ಅಲ್ಲಿ ತಕರಾರಿಲ್ಲ.

ಏಳನೆಯದರ ಹೃದಯ ಶಿವಾಜಿ ಮಹಾರಾಜರ ಸ್ವರಾಜ್ಯ ಸ್ಥಾಪನೆ. 2017ರಲ್ಲಿ ಆ ಪುಸ್ತಕ ಬಂದಾಗ ಮೊಗಲರ ಭಾಗ ಕಡಿಮೆಯಾಯಿತೆಂದು ದೇಶದ ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಬಾಲಗಾಂವದ ಮಗುವಿಗೆ ದಿಲ್ಲಿಯ ಮೊಗಲರಿಗಿಂತ ವಿಜಾಪುರದ ಆದಿಲಶಾಹಿ ಹತ್ತಿರದ್ದು. ಪುಸ್ತಕದಲ್ಲಿ ವಿಜಾಪುರ ಸ್ವರಾಜ್ಯದ ಎದುರಾಳಿ. ಮನೆಯವರಿಗೆ ವಿಜಾಪುರವೆಂದರೆ ದವಾಖಾನೆ, ಬಜಾರ, ಸಂಕ್ರಮಣದ ಸಿದ್ಧೇಶ್ವರ ಜಾತ್ರೆ. ಗೋಳಗುಮ್ಮಟ ನೋಡಲು ಹೋದ ಮಗುವಿಗೆ ಅದು ಮಹಮ್ಮದ ಆದಿಲಶಾಹನ ಗೋರಿ ಎಂದೂ, ಅದೇ ಮಹಮ್ಮದನ ಕಾಲದಲ್ಲಿ ಶಿವಾಜಿಯ ತಂದೆ ಶಹಾಜಿರಾಜರು ಆದಿಲಶಾಹಿ ಸರದಾರರಾಗಿ ಬೆಂಗಳೂರಿನ ಜಹಗೀರು ನೋಡಿಕೊಂಡರೆಂದೂ ಹೇಳಿದರೆ ಇತಿಹಾಸ ಕಪ್ಪು-ಬಿಳುಪಿನ ಆಟವಲ್ಲವೆಂದು ತಾನೇ ತಿಳಿಯುತ್ತದೆ. ಜತ್ತದ ಡಫಳೆ ಮನೆತನದ ವತನವೂ ಆದಿಲಶಾಹಿ ಕಾಲದ್ದೇ. ಇದನ್ನು ತಾಸಿನಲ್ಲಿ ಹೇಳಲು ಮಾಸ್ತರರಿಗೆ ಪುಸ್ತಕದ ಆಚೆ ಓದಿರಬೇಕು, ಅದನ್ನು ಮಗುವಿನ ಮಾತಿನಲ್ಲಿ ಹೇಳಲು ಬರಬೇಕು.

ಎಂಟನೆಯ ಇಯತ್ತೆಯ ಇತಿಹಾಸ ಪುಸ್ತಕದ ಕೊನೆಯ ಪಾಠ ಮಹಾರಾಷ್ಟ್ರ ರಾಜ್ಯದ ನಿರ್ಮಿತಿ. 1946ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಠರಾವಿನಿಂದ ಹಿಡಿದು ಸಂಯುಕ್ತ ಮಹಾರಾಷ್ಟ್ರ ಚಳವಳಿ, ಹುತಾತ್ಮರು, 1960ರ ಮೇ 1ರ ವರೆಗಿನ ಕತೆ ಅದು. ಗಡಿಯಾಚೆಯ ಶಾಲೆಯಲ್ಲಿ ಕರ್ನಾಟಕ ಏಕೀಕರಣದ ಪಾಠ. ಆಲೂರು ವೆಂಕಟರಾಯರು, 1956ರ ನವೆಂಬರ್ 1, 1973ರಲ್ಲಿ "ಕರ್ನಾಟಕ" ಎಂಬ ಹೆಸರು. ಒಂದೇ ಲಿಪಿಯಲ್ಲಿ ಅಚ್ಚಾದ ಎರಡು ಪುಸ್ತಕಗಳು ಒಂದೇ ಬೆಳಗಾವಿಯನ್ನು ಎರಡು ದಿಕ್ಕಿನಿಂದ ನೋಡುತ್ತವೆ. ಇಬ್ಬರು ಮಕ್ಕಳು ಪುಸ್ತಕ ಅದಲು ಬದಲು ಮಾಡಿ ಓದಿದರೆ ದೊಡ್ಡವರ ಎಷ್ಟೋ ಭಾಷಣಗಳಿಗಿಂತ ಹೆಚ್ಚು ಕಲಿಯಬಹುದು.

ಜತ್ತದ ಸ್ವಂತ ಕತೆ ಈ ಎರಡರ ನಡುವಿನದು. ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ ಆಯಿತು, 1960ರಲ್ಲಿ ಅದಕ್ಕೆ ಸಾಂಗಲಿ ಎಂಬ ಹೆಸರು ಬಂತು. 1948ರಿಂದ 1956ರ ತನಕ ಜತ್ತವೂ ವಿಜಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಭಾಷಾವಾರು ವಿಂಗಡಣೆಯಲ್ಲಿ ವಿಜಾಪುರ ಜಿಲ್ಲೆ ಆಚೆ ಹೋಯಿತು, ಜತ್ತ ಉಳಿಯಿತು. 2022ರ ನವೆಂಬರ್‌ನಲ್ಲಿ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಜತ್ತ ತಾಲೂಕಿನ ಗ್ರಾಮಗಳ ಹಳೆಯ ಠರಾವಿನ ಮಾತೆತ್ತಿದಾಗ ತಾಲೂಕಿನ ಹೆಸರು ರಾಷ್ಟ್ರದ ಸುದ್ದಿಯಾಯಿತು. ಆ ಠರಾವಿನ ಹಿಂದೆ ಇದ್ದದ್ದು ಭಾಷೆಗಿಂತ ನೀರು ಎಂಬುದನ್ನು ಇಲ್ಲಿನ ರೈತರಿಗೆ ಯಾರೂ ವಿವರಿಸಬೇಕಿಲ್ಲ. ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ವಿಶೇಷ ಅನುದಾನ ಕೊಡುವುದಾಗಿಯೂ ಬೊಮ್ಮಾಯಿಯವರು ಆಗಲೇ ಹೇಳಿದ್ದರು.

ನಾಗರಿಕ ಶಾಸ್ತ್ರದ ಪಾಠ ಮಗು ಮನೆಗೆ ಹೊತ್ತು ತರುವ ನೇರ ಉಪಯೋಗದ ಪಾಠ. ಆರನೆಯದರಲ್ಲಿ ಸ್ಥಾನಿಕ ಸ್ವರಾಜ್ಯ ಸಂಸ್ಥೆಗಳು ಬರುತ್ತವೆ. ಇಲ್ಲಿ ಸರಪಂಚ, ಗ್ರಾಮಸೇವಕ, ತಲಾಠಿ, ಪಂಚಾಯತ ಸಮಿತಿ, ಜಿಲ್ಲಾ ಪರಿಷತ್ತು. ಆಚೆ ಅಧ್ಯಕ್ಷರು, ಪಿಡಿಒ, ಗ್ರಾಮ ಲೆಕ್ಕಿಗ, ತಾಲೂಕು ಪಂಚಾಯತಿ, ಜಿಲ್ಲಾ ಪಂಚಾಯತಿ. ಇಲ್ಲಿಯ ಸಾತಬಾರಾ ಉತಾರ ಆಚೆ ಪಹಣಿ. ಕನ್ನಡವನ್ನಷ್ಟೇ ಓದಬಲ್ಲ ಅಜ್ಜನಿಗೆ ಮರಾಠಿಯ ಸಾತಬಾರಾ, ಬ್ಯಾಂಕಿನ ನೋಟೀಸು, ಬೆಳೆವಿಮೆಯ ಕಾಗದ ಓದಿ ಹೇಳುವವರು ಮನೆಯ ಏಳನೆಯ, ಎಂಟನೆಯ ಇಯತ್ತೆಯ ಮಕ್ಕಳೇ. ಈ ಕಾರಣಕ್ಕಾಗಿ ಮರಾಠಿ ಕಲಿಯುವುದು ಇಲ್ಲಿ ಯಾರ ಹೇರಿಕೆಯ ಮಾತೂ ಅಲ್ಲ. ಬಾರದಿದ್ದರೆ ನಷ್ಟ ಹೊಲದ ಮಾಲಕನದು. ಕಾಯಿದೆಯ ವಿಷಯದಲ್ಲಿಯೂ ಎರಡೂ ರಾಜ್ಯ ಒಂದೇ ತಕ್ಕಡಿಯವು. ಮಹಾರಾಷ್ಟ್ರಕ್ಕಿಂತ ಮುಂಚೆ, 2015ರಲ್ಲಿಯೇ, ಕರ್ನಾಟಕ ಕನ್ನಡ ಭಾಷಾ ಕಲಿಕೆ ಅಧಿನಿಯಮ ತಂದಿತ್ತು. ನಿಪ್ಪಾಣಿ, ಖಾನಾಪುರದ ಮರಾಠಿ ಮಕ್ಕಳು ಅದರಡಿಯಲ್ಲಿ ಕನ್ನಡ ಕಲಿಯುತ್ತಾರೆ.

ತರಗತಿಯಲ್ಲಿ ನಿಂತವರು ಯಾರು?

ಹಾಗಾದರೆ ತೊಂದರೆ ಎಲ್ಲಿದೆ? ಪುಸ್ತಕ ಕನ್ನಡದಲ್ಲಿ ಬರುತ್ತದೆ, ಹತ್ತನೆಯ ಬೋರ್ಡಿನ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ತೊಂದರೆ ಇರುವುದು ಪುಸ್ತಕ ಮತ್ತು ಮಗುವಿನ ನಡುವೆ ನಿಂತ ಶಿಕ್ಷಕರ ಲೆಕ್ಕದಲ್ಲಿ.

2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಎಂಟರ ವರೆಗಿನ ತರಗತಿಗಳಿಗೆ ತರಗತಿಗೊಬ್ಬರಂತೆ ಶಿಕ್ಷಕರಿರಬೇಕು ಎನ್ನುತ್ತದೆ. ಅವರಲ್ಲಿ ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಬೇಕು. ಗಮನಿಸಿ, ಭಾಷೆಗೆ ಒಬ್ಬರು. ಕಾಯಿದೆ ಬರೆದವರ ಕಣ್ಣ ಮುಂದೆ ನಾಲ್ಕು ಭಾಷೆಯ ದಪ್ತರ ಇದ್ದಂತಿಲ್ಲ. ಪುಣೆಯ ಮರಾಠಿ ಶಾಲೆಯಲ್ಲಿ ಆ ಒಬ್ಬರು ಮರಾಠಿ, ಹಿಂದಿ, ಇಂಗ್ಲಿಷ್ ಕಲಿಸುವುದೇ ಕಷ್ಟ. ಜತ್ತದ ಕನ್ನಡ ಶಾಲೆಯಲ್ಲಿ ಅವರು ಕನ್ನಡವನ್ನೂ ಸೇರಿಸಿ ನಾಲ್ಕು ಕಲಿಸಬೇಕು, ಉಳಿದಿಬ್ಬರು ಲೆಕ್ಕ, ವಿಜ್ಞಾನ, ಇತಿಹಾಸವನ್ನು ಕನ್ನಡದಲ್ಲಿ ಹೇಳಬೇಕು. ಒಂದು ಹುದ್ದೆ ಖಾಲಿ ಬಿದ್ದರೆ ಇಡೀ ಲೆಕ್ಕ ತಪ್ಪುತ್ತದೆ.

2024ರಲ್ಲಿ ಹೊಸ ಭರತಿಯಲ್ಲಿ ಆಯ್ಕೆಯಾದ ಮರಾಠಿ ಮಾಧ್ಯಮದ ಶಿಕ್ಷಕರನ್ನು ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಹಾಕಿದ್ದು ಸುದ್ದಿಯಾಗಿ, ಕರ್ನಾಟಕದಿಂದಲೂ ಆಕ್ಷೇಪಣೆ ಹೋಯಿತು. ಅದನ್ನು ಕೆಲವರು ಭಾಷಾ ದ್ವೇಷ ಎಂದರು. ಇನ್ನು ಕೆಲವರು ಮಾಸ್ತರರೇ ಇಲ್ಲದ್ದಕ್ಕಿಂತ ಯಾರಾದರೂ ಬರಲಿ ಎಂದರು. ಎರಡನೆಯ ಮಾತನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ, ಆದರೆ ಆರನೆಯ ಇಯತ್ತೆಯ ವಿಜ್ಞಾನದ ತಾಸಿನಲ್ಲಿ ಅದು ನಿಲ್ಲುವುದಿಲ್ಲ. ಕನ್ನಡ ಅಕ್ಷರ ಬಾರದವರು ಮಗುವಿನ ಉತ್ತರಪತ್ರಿಕೆ ತಪಾಸಣೆ ಮಾಡುವುದು ಹೇಗೆ? ಮರಾಠಿ ಕಲಿಸಲು ಅವರು ಉತ್ತಮರು, ಮರಾಠಿಯ ತಾಸಿಗೆ ಅವರೇ ಬೇಕು. ತಪ್ಪಿದ್ದು ಶಿಕ್ಷಕರದಲ್ಲ, ಯಾರನ್ನು ಯಾವ ತಾಸಿಗೆ ನಿಲ್ಲಿಸಬೇಕೆಂದು ನೋಡದ ವ್ಯವಸ್ಥೆಯದು. ಕಾಸರಗೋಡಿನಲ್ಲಿಯೂ ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ತರಗತಿಗೆ ನೇಮಿಸಿದ್ದರ ವಿರುದ್ಧ ಪಾಲಕರು, ಮಕ್ಕಳು ಹಲವು ಸಲ ಬೀದಿಗಿಳಿದಿದ್ದಾರೆ, ಕೋರ್ಟಿಗೂ ಹೋಗಿದ್ದಾರೆ.

ಕಾನೂನಿನ ಆಸರೆ ಈ ಹಂತದಲ್ಲಿ ತೆಳುವಾಗುತ್ತದೆ ಎಂಬುದೂ ಗೊತ್ತಿರಬೇಕು. ಸಂವಿಧಾನದ 350ಎ ಕಲಮು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಬೇಕು ಎನ್ನುತ್ತದೆ, ಆದರೆ ಪ್ರಾಥಮಿಕ ಹಂತಕ್ಕೆ. ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮು ಎಂಟನೆಯ ತನಕ ಮಾತೃಭಾಷೆಯನ್ನು ಹೇಳುತ್ತದೆ, ಆದರೆ "ಸಾಧ್ಯವಾದಷ್ಟು ಮಟ್ಟಿಗೆ" ಎಂಬ ಅರ್ಥದ ಮಾತು ಸೇರಿಸಿ. ಆ ಒಂದು ಮಾತಿನ ಸಂದಿಯಲ್ಲಿ ಎಷ್ಟೋ ಖಾಲಿ ಹುದ್ದೆಗಳು ಹಿಡಿಸುತ್ತವೆ.

ಇದರ ಮೇಲೆ ಮಕ್ಕಳ ಸಂಖ್ಯೆಯ ಪ್ರಶ್ನೆ. 2024ರ ಮಾರ್ಚ್ 15ರ ಸಂಚ ಮಾನ್ಯತೆ ನಿರ್ಣಯದಿಂದ ಆರರಿಂದ ಎಂಟರ ವರ್ಗಗಳಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿದ್ದಲ್ಲಿ ಶಿಕ್ಷಕರ ಹುದ್ದೆಗೇ ಸಂಚಕಾರ ಬರುತ್ತದೆ ಎಂದು ಮಹಾರಾಷ್ಟ್ರದ ಶಿಕ್ಷಕ ಸಂಘಟನೆಗಳು ವಿರೋಧಿಸಿದವು. ಒಂದೇ ಊರಿನ ಮಕ್ಕಳು ಕನ್ನಡ ಮತ್ತು ಮರಾಠಿ ಶಾಲೆಗೆ ಹಂಚಿಹೋದಾಗ, ಇನ್ನೊಂದಷ್ಟು ಮಕ್ಕಳು ಇಂಗ್ಲಿಷ್ ಶಾಲೆಯ ಗಾಡಿ ಹತ್ತಿದಾಗ, ಇಂಥ ನಿಯಮದ ಪೆಟ್ಟು ಮೊದಲು ಬೀಳುವುದು ಚಿಕ್ಕ ಮಾಧ್ಯಮಕ್ಕೆ. ಮಾಸ್ತರರಿಲ್ಲವೆಂದು ಪಾಲಕರು ಮಗುವನ್ನು ತೆಗೆಯುತ್ತಾರೆ, ಮಕ್ಕಳಿಲ್ಲವೆಂದು ಸರಕಾರ ಮಾಸ್ತರರನ್ನು ತೆಗೆಯುತ್ತದೆ.

ಎಂಟನೆಯದು ಈಗ ಹಗುರವಾದ ಇಯತ್ತೆಯೂ ಅಲ್ಲ. 2023ರಲ್ಲಿ ನಿಯಮ ತಿದ್ದಿದ ಮೇಲೆ ಐದು ಮತ್ತು ಎಂಟನೆಯ ಇಯತ್ತೆಗಳಿಗೆ ವಾರ್ಷಿಕ ಪರೀಕ್ಷೆ ಇದೆ. ಬಿದ್ದರೆ ಮರುಪರೀಕ್ಷೆ, ಅದರಲ್ಲೂ ಬಿದ್ದರೆ ಅದೇ ವರ್ಗ. ಆರು, ಏಳರಲ್ಲಿ ವಿಜ್ಞಾನಕ್ಕೆ ಸರಿಯಾದ ಮಾಸ್ತರರು ಸಿಗದ ಮಗುವಿಗೆ ಅದರ ಲೆಕ್ಕ ಎಂಟರಲ್ಲಿ ತೆರಬೇಕಾಗುತ್ತದೆ.

ಮುಂದಿನ ದಾರಿಯನ್ನೂ ಈ ಮೂರು ವರ್ಷಗಳೇ ಗೊತ್ತುಮಾಡುತ್ತವೆ. ಹನ್ನೊಂದನೆಯದಕ್ಕೆ ವಿಜ್ಞಾನ ಹಿಡಿದರೆ ಇಂಗ್ಲಿಷ್. ಈಚೆಯ ನೌಕರಿಗೆ ಮರಾಠಿ. ಆಚೆ ಹೋಗುವವರಿಗೆ ಕರ್ನಾಟಕ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರ ಸೌಲಭ್ಯವಿದೆ. ಅದರ ತಾಲೂಕುಗಳಲ್ಲಿ ಅಕ್ಕಲಕೋಟ, ದಕ್ಷಿಣ ಸೋಲಾಪುರ, ಗಡಹಿಂಗ್ಲಜದೊಡನೆ ಜತ್ತವೂ ಇದೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಮನೆಯಲ್ಲಿ ಆಡುವ ಕನ್ನಡ ಆ ಪರೀಕ್ಷೆಗೆ ಸಾಲುವುದಿಲ್ಲ, ಓದಿ ಬರೆಯುವ ಕನ್ನಡ ಬೇಕು. ಕನ್ನಡವನ್ನು ಐದನೆಯದಕ್ಕೇ ಬಿಟ್ಟು ಬೇರೆ ಮಾಧ್ಯಮಕ್ಕೆ ಹಾಕುವ ಪಾಲಕರು ಈ ಒಂದು ಸಂಗತಿಯನ್ನು ತೂಗಿ ನೋಡುವುದು ಒಳ್ಳೆಯದು.

ಪಠ್ಯಪುಸ್ತಕಗಳು ಬದಲಾಗುವ ಕಾಲ ಇದು. 2025ರ ಏಪ್ರಿಲ್‌ನ ಅದೇ ನಿರ್ಣಯದಲ್ಲಿ ಹೊಸ ಪಠ್ಯಕ್ರಮಕ್ಕೆ ಆರನೆಯ ಇಯತ್ತೆಗೆ 2026-27, ಏಳನೆಯದಕ್ಕೆ 2027-28, ಎಂಟನೆಯದಕ್ಕೆ 2028-29 ಎಂಬ ವೇಳಾಪಟ್ಟಿ ಇತ್ತು. ಭಾಷೆಯ ಜಗಳದಲ್ಲಿ ಆ ನಿರ್ಣಯ ಹೋಯಿತಾದರೂ ಪುಸ್ತಕಗಳು ಇಂದಲ್ಲ ನಾಳೆ ಬದಲಾಗುವವೇ. ಹೊಸ ಗಣಿತ, ವಿಜ್ಞಾನ ಪುಸ್ತಕ ಯಾವ ವರ್ಷ ಬಂದರೂ ಅದರ ಕನ್ನಡ ಅನುವಾದದ ಕೊನೆಯ ಪುಟಗಳಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಪಾರಿಭಾಷಿಕ ಶಬ್ದಗಳ ಪಟ್ಟಿ ಸೇರಿಸಬಹುದು. ಹತ್ತಿಪ್ಪತ್ತು ಪುಟದ ಕೆಲಸ. ಮರಾಠಿ ಮಾಧ್ಯಮದಿಂದ ಬಂದ ಶಿಕ್ಷಕರಿಗೂ, ಮರಾಠಿ ಶಾಲೆಗೆ ಹೋಗುವ ಅಣ್ಣನಿಗೂ ಅದು ಉಪಯೋಗ. ಅನುವಾದ ಸಮಿತಿಯಲ್ಲಿ ಜತ್ತ, ಅಕ್ಕಲಕೋಟ ಕಡೆಯ ತರಗತಿಯಲ್ಲಿ ಪಾಠ ಹೇಳುವ ಶಿಕ್ಷಕರಿದ್ದರೆ ಯಾವ ಶಬ್ದ ಮಕ್ಕಳ ಬಾಯಿಗೆ ಹತ್ತುತ್ತದೆ, ಯಾವುದು ಹತ್ತುವುದಿಲ್ಲ ಎಂದು ಅವರೇ ಹೇಳಬಲ್ಲರು.

ಹುದ್ದೆಯ ವಿಷಯದಲ್ಲಿ ಊರವರ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕನೇ ಮೂರು ಭಾಗ ಪಾಲಕರೇ ಇರಬೇಕೆಂಬುದು ಕಾಯಿದೆ. ಆರರಿಂದ ಎಂಟರ ವರ್ಗಕ್ಕೆ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಯಾವ ವಿಷಯಕ್ಕೆ ಯಾವ ಮಾಧ್ಯಮದವರು ಎಂದು ಸಭೆಯಲ್ಲಿ ಬರೆಸಿ, ಆ ಠರಾವನ್ನು ಪಂಚಾಯತ ಸಮಿತಿಯ ಗಟ ಶಿಕ್ಷಣಾಧಿಕಾರಿಗೆ ಕಳಿಸಿದರೆ ಅದಕ್ಕೆ ಕಾಗದದ ಬಲ ಬರುತ್ತದೆ. ಮುಂದಿನ ಹುದ್ದೆಗಳ ಲೆಕ್ಕ ಕಟ್ಟುವುದು ಸೆಪ್ಟೆಂಬರ್ 30ರ ಹಾಜರಿ ಪಟದ ಮೇಲೆ. ಆ ದಿನದೊಳಗೆ ಪಟದಲ್ಲಿ ಹೆಸರಿದ್ದ ಮಗುವಷ್ಟೇ ಆ ಲೆಕ್ಕಕ್ಕೆ ಬರುತ್ತದೆ.